ಬಿಸಿಲಿನ ದಿನಗಳಲ್ಲಿ ತರಕಾರಿ ಮಡಿ: ದೊಡ್ಡಮ್ಮನ ಜೊತೆಗಿನ ಕೆಲಸದ ದಾಖಲೆ

ಈ ಬೇಸಿಗೆಯ ಮಡಿಗಳನ್ನು ಗಿಡಗಳ ಅನುಕೂಲವನ್ನು ನೋಡಿದಷ್ಟೇ ಎಚ್ಚರದಿಂದ ದೊಡ್ಡಮ್ಮನ ಅನುಕೂಲವನ್ನೂ ನೋಡಿ ಹಾಕಿದ್ದೇವೆ. 78 ವರ್ಷದ ಅವರಿಗೆ ಈಗ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂರಲಾಗುವುದಿಲ್ಲವಾದ್ದರಿಂದ, ದಿನವೂ ಕೈಯಾಡಿಸಬೇಕಾದ ಟೊಮೆಟೊ ಮತ್ತು ಹರಿವೆಯನ್ನು ಸೊಂಟದೆತ್ತರದ ಕಟ್ಟೆಗಳಲ್ಲಿ ಬೆಳೆಸಿ, ಬಿಸಿಲು ತಡೆಯುವ ಬೆಂಡೆ, ಅಲಸಂದೆಗಳನ್ನು ನೆಲದ ಸಾಲುಗಳಿಗೆ ಬಿಟ್ಟೆವು. ಹೀರೆಯ ಚಪ್ಪರವನ್ನು ಪಡುವಣ ಬದಿಗೆ ಕಟ್ಟಿದ್ದರಿಂದ ಸಂಜೆಯ ಇಳಿಬಿಸಿಲು ಕಟ್ಟೆಗಳಿಗೂ ತಾಕುವುದಿಲ್ಲ, ಅವರು ಕೂರುವ ಸ್ಟೂಲಿಗೂ ತಾಕುವುದಿಲ್ಲ.

ಕೆಲಸವೆಲ್ಲ ಬೆಳಿಗ್ಗೆ ಒಂಬತ್ತರೊಳಗೆ ಮುಗಿಯಬೇಕೆಂಬುದು ನಮ್ಮ ನಿಯಮ. ವಯಸ್ಸಾದಂತೆ ಬಾಯಾರಿಕೆಯ ಅರಿವು ಕುಗ್ಗುತ್ತದೆ, ಬೆವರುವುದೂ ಕಡಿಮೆಯಾಗುತ್ತದೆ; ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು ದೇಹದ ನೀರನ್ನು ಮೂತ್ರದ ಮೂಲಕ ಹೊರಹಾಕುತ್ತವೆ. ಆದ್ದರಿಂದ “ನನಗೇನೂ ದಾಹವಿಲ್ಲ” ಎಂದು ಅವರು ಹೇಳಿದರೂ, ಒಂದು ಸಾಲು ಮುಗಿದ ಕೂಡಲೇ ನೀರಿನ ಲೋಟವನ್ನು ಅವರ ಕೈಗೆ ಕೊಡುತ್ತೇನೆ. ಬಗ್ಗಿ ಎದ್ದಾಗ ತಲೆ ಸುತ್ತಿದಂತಾದರೆ ಆ ದಿನದ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಈ ವಿಷಯದಲ್ಲಿ ಅವರ ಹಟಕ್ಕೆ ನಾನು ಮಣಿಯುವುದಿಲ್ಲ.

ಟೊಮೆಟೊ ಮಾತ್ರ ನಮ್ಮನ್ನು ಬಹಳ ಯೋಚನೆಗೆ ಹಚ್ಚಿದೆ. ಗಿಡಗಳು ಹಸಿರಾಗಿ ಎತ್ತರಕ್ಕೆ ಬೆಳೆದಿವೆ, ಹೂವೂ ಗೊಂಚಲು ಗೊಂಚಲಾಗಿ ಬಂದಿದೆ, ಆದರೆ ಕಾಯಿ ಕಚ್ಚುತ್ತಿಲ್ಲ. ದೊಡ್ಡಮ್ಮ ಉದುರಿದ ಹೂಗಳನ್ನು ಅಂಗೈಯಲ್ಲಿಟ್ಟು ತೋರಿಸಿದರು: ಪ್ರತಿಯೊಂದೂ ತೊಟ್ಟಿನ ನಡುವಿನ ಗಂಟಿನಲ್ಲೇ, ಹಳದಿ ತಿರುಗಿ, ಕತ್ತರಿಸಿದಷ್ಟು ನಯವಾಗಿ ಕಳಚಿಕೊಂಡಿತ್ತು. ಹಗಲಿನ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್ ದಾಟಿ, ರಾತ್ರಿಯೂ 24 ಡಿಗ್ರಿಗಿಂತ ಕೆಳಗಿಳಿಯದೆ ಹೋದರೆ ಪರಾಗ ಸತ್ವ ಕಳೆದುಕೊಳ್ಳುತ್ತದೆ, ಫಲಗಟ್ಟದ ಹೂವನ್ನು ಗಿಡವೇ ಉದುರಿಸುತ್ತದೆ. ಇದು ಗೊಬ್ಬರದ ಕೊರತೆಯಲ್ಲ; ಈಗ ಸಾರಜನಕ ಹೆಚ್ಚಿಸಿದರೆ ಎಲೆಯಷ್ಟೇ ಬೆಳೆದೀತು. ಅದಕ್ಕಾಗಿ ಮೇಲೆ ಬಿಸಿಲಿನ ಶೇ. 35ರಷ್ಟನ್ನು ತಡೆಯುವ ನೆರಳು ಪರದೆಯನ್ನು ಗಾಳಿಯಾಡುವಂತೆ ಎತ್ತರದಲ್ಲಿ ಕಟ್ಟಿ, ಬುಡಕ್ಕೆ ನಾಲ್ಕು ಬೆರಳು ದಪ್ಪ ಒಣಹುಲ್ಲು ಹೊದಿಸಿ, ರಾತ್ರಿಗಳು ತಂಪಾಗುವವರೆಗೆ ಗಿಡಗಳನ್ನು ಉಳಿಸಿಕೊಳ್ಳುವುದನ್ನೇ ಗುರಿಯಾಗಿಟ್ಟುಕೊಂಡಿದ್ದೇವೆ. ಮೊದಲೇ ಕಚ್ಚಿದ್ದ ಕೆಲವು ಕಾಯಿಗಳು 30 ಡಿಗ್ರಿ ಮೀರಿದ ಶಾಖದಲ್ಲಿ ಕೆಂಪು ಬಣ್ಣ ಸರಿಯಾಗಿ ಕೂಡದೆ ಕಿತ್ತಳೆಯಾಗಿಯೇ ಉಳಿಯುವುದರಿಂದ, ಬಣ್ಣ ತಿರುಗಲು ಶುರುವಾದೊಡನೆ ಕಿತ್ತು ಮನೆಯೊಳಗೆ ನೆರಳಿನಲ್ಲಿ ಮಾಗಿಸುತ್ತಿದ್ದೇವೆ.

ನೀರಿನ ವಿಚಾರದಲ್ಲಿ ದೊಡ್ಡಮ್ಮನ ಕೈಬೆರಳನ್ನು ನಾನು ಯಾವ ಉಪಕರಣಕ್ಕಿಂತಲೂ ಹೆಚ್ಚು ನಂಬುತ್ತೇನೆ. ನಡುಮಧ್ಯಾಹ್ನ ಹೀರೆಯ ಅಗಲವಾದ ಎಲೆಗಳು ಜೋತುಬಿದ್ದಾಗ ನೋಡಿದವರಿಗೆ ಕೂಡಲೇ ನೀರು ಹಾಕಬೇಕೆನಿಸುತ್ತದೆ. ಬೇರು ಹೀರುವ ವೇಗವನ್ನು ಎಲೆಯಿಂದ ಆವಿಯಾಗುವ ವೇಗ ಮೀರಿದಾಗ, ಮಣ್ಣಿನಲ್ಲಿ ಹಸಿಯಿದ್ದರೂ ಎಲೆ ಬಾಡುವುದು ಸಹಜ. ದೊಡ್ಡಮ್ಮ ಹುಲ್ಲನ್ನು ಸರಿಸಿ, ತೋರುಬೆರಳನ್ನು ಎರಡನೆಯ ಗೆಣ್ಣಿನವರೆಗೆ ಮಣ್ಣಿಗಿಳಿಸಿ, ಬೆರಳಿಗೆ ಮಣ್ಣು ಅಂಟಿ ಬಂದರೆ ಹುಲ್ಲನ್ನು ಮತ್ತೆ ಮುಚ್ಚಿಬಿಡುತ್ತಾರೆ. ಸೂರ್ಯ ಇಳಿದ ಮೇಲೆ ಎಲೆ ತಾನಾಗಿ ಸೆಟೆದುಕೊಳ್ಳುತ್ತದೆ; ಬೆಳಿಗ್ಗೆಯೂ ಬಾಡಿಯೇ ಇದ್ದರೆ ಮಾತ್ರ ಅದು ನಿಜವಾದ ನೀರಿನ ಕೊರತೆ. ದಿನಕ್ಕಿಷ್ಟು ಎಂದು ಮೇಲ್ಮಣ್ಣು ತೋಯಿಸುವುದಕ್ಕಿಂತ, ಬೇರಿನಾಳಕ್ಕೆ ಇಳಿಯುವಂತೆ ಮುಂಜಾನೆ ನಿಧಾನವಾಗಿ ಹಾಯಿಸುವುದೇ ಸರಿಯೆಂದು ಇಬ್ಬರೂ ಒಪ್ಪಿದ್ದೇವೆ. ನೀರು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆಯಾದರೆ ಟೊಮೆಟೊ ಕಾಯಿಗೆ ಸುಣ್ಣದ ಅಂಶ ಸರಿಯಾಗಿ ತಲುಪದೆ ಅದರ ತುದಿ ಕಪ್ಪಾಗಿ ಕೊಳೆಯುತ್ತದೆ.

ಬೆಂಡೆಯ ಎಲೆಯಡಿಯಲ್ಲಿ ರಸ ಹೀರುವ ಪುಟ್ಟ ಪೀಡೆಯಾದ ಕೆಂಪು ಜೇಡನುಸಿ ಕಾಣಿಸಿಕೊಂಡಿದೆ. ಒಣ ಬಿಸಿಯೇ ಅದಕ್ಕೆ ಅನುಕೂಲ. ಸದ್ಯಕ್ಕೆ ಬೆಳಗಿನ ಹೊತ್ತು ಎಲೆಯ ಕೆಳಭಾಗಕ್ಕೆ ನೀರನ್ನು ರಭಸವಾಗಿ ಚಿಮ್ಮಿಸುತ್ತಿದ್ದೇನೆ. ಬೆಂಡೆಯ ಫಸಲು ಚೆನ್ನಾಗಿಯೇ ಇದೆ. ಎರಡು ದಿನಕ್ಕೊಮ್ಮೆ ಕೊಯ್ಯದಿದ್ದರೆ ನಾರಾಗುವ ಈ ಕಾಯಿಗಳನ್ನು ದೊಡ್ಡಮ್ಮ ಸ್ಟೂಲನ್ನು ಸಾಲಿನುದ್ದಕ್ಕೂ ಸರಿಸಿಕೊಳ್ಳುತ್ತ ತಾವೇ ಕೊಯ್ಯುತ್ತಾರೆ.

ಮುಂದಿನ ಕೆಲಸ ಹರಿವೆಯ ಕಟ್ಟೆಯದು. ಹೂಕಡ್ಡಿ ಬಂದ ಗಿಡಗಳಲ್ಲಿ ನಾಲ್ಕನ್ನು ಬೀಜಕ್ಕೆಂದು ದೊಡ್ಡಮ್ಮ ದಾರ ಕಟ್ಟಿ ಗುರುತಿಸಿದ್ದಾರೆ; ಉಳಿದವನ್ನು ಕಿತ್ತು ಕಾಂಪೋಸ್ಟ್ ಬೆರೆಸಿ, ಹೊಸದಾಗಿ ಬಿತ್ತಬೇಕು.