ಒಂದು ಟಾಪ್, ಎರಡೂಕಾಲು ಮೀಟರ್ ಬಟ್ಟೆ: ಮೂರನೇ ವಾರ

ಅಮ್ಮ ಹೊಲಿಯುವ ಟಾಪ್‌ನ ತುಂಡುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿದರೆ ಬಟ್ಟೆ ಉಳಿಯುತ್ತದಾ ಅಂತ ನೋಡುತ್ತಿದ್ದೇನೆ. ಹೋದ ವಾರ ಅಮ್ಮನ ರಟ್ಟಿನ ಪ್ಯಾಟರ್ನ್‌ಗಳನ್ನೆಲ್ಲ (ಬಟ್ಟೆ ಕತ್ತರಿಸುವ ಅಚ್ಚು) ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಬಿಡಿಸಿ ಮುಗಿಸಿದ್ದೆ. ಈ ವಾರ ಡೀಪ್‌ನೆಸ್ಟ್ ಸರದಿ. ಇದು ತುಂಡುಗಳನ್ನು ಕಡಿಮೆ ಜಾಗದಲ್ಲಿ ಕೂರಿಸುವ ಉಚಿತ ತಂತ್ರಾಂಶ. ತುಂಡುಗಳನ್ನು ತಿರುಗಿಸಿ, ಜಾಗ ಬದಲಿಸಿ, ಚೆನ್ನಾಗಿ ಕೂತ ಜೋಡಣೆಯನ್ನು ಉಳಿಸಿಕೊಂಡು ಮತ್ತೆ ಯತ್ನಿಸುತ್ತಲೇ ಇರುತ್ತದೆ. ಸಾಕು ಅಂತ ನಾವೇ ನಿಲ್ಲಿಸಬೇಕು.

ಬಟ್ಟೆ ಕಸ್ತೂರಬಾ ರಸ್ತೆಯಲ್ಲಿ ತಂದ ಕಾಟನ್, ಅಗಲ 44 ಇಂಚು. ಫುಲ್ ತೋಳಿನ, ಘೇರು ಜಾಸ್ತಿ ಇರುವ ಟಾಪ್‌ಗೆ ಅಮ್ಮನಿಗೆ 2.25 ಮೀಟರ್ ಬೇಕು. ತಂತ್ರಾಂಶ ಮೊದಲ ಸಲಕ್ಕೇ 1.85 ಅಂದಿತು! ಕುಣಿಯುತ್ತಾ ಲ್ಯಾಪ್‌ಟಾಪ್ ಹಿಡಿದು ಅಡುಗೆಮನೆಗೆ ಹೋದೆ.

ಅಮ್ಮ ಒಗ್ಗರಣೆ ಸೌಟು ಹಿಡಿದುಕೊಂಡೇ ನೋಡಿದರು. "ಮುಂಭಾಗ ಅಡ್ಡ ಮಲಗಿಸಿದೀಯಲ್ಲೋ. ಹಾಸು ಒಂಥರಾ ಕುಗ್ಗುತ್ತೆ, ಹೊಕ್ಕು ಒಂಥರಾ. ಒಗೆದ್ಮೇಲೆ ಯಾರು ಹಾಕ್ಕೋತಾರೆ?"

ತಪ್ಪು ನನ್ನದೇ. ತಿರುಗಿಸುವ ಸಂಖ್ಯೆ 4 ಇತ್ತು. ಅಂದರೆ ನಾಲ್ಕೂ ದಿಕ್ಕಿಗೆ ಇಡಬಹುದು ಅಂತ. ತಗಡಿಗೆ ಅದು ಸರಿ, ಬಟ್ಟೆಗೆ ನೂಲಿನ ದಿಕ್ಕು ಇದೆ ಅಲ್ವಾ, ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು? 2 ಮಾಡಿದೆ, ಈಗ ತಲೆಕೆಳಗೆ ಮಾತ್ರ ತಿರುಗುತ್ತದೆ. ಹೂವೆಲ್ಲ ಒಂದೇ ಕಡೆ ಮುಖ ಮಾಡಿದ ಪ್ರಿಂಟ್ ಆದರೆ 1 ಇಡಬೇಕು. 2 ಇಟ್ಟಾಗ ಉತ್ತರ 2.30 ಮೀಟರ್‌ಗೆ ಏರಿತು. ಅಮ್ಮನಿಗಿಂತ ಜಾಸ್ತಿ!

ಇನ್ನೊಂದು ಎಡವಟ್ಟು. ತೋಳನ್ನು ಎ4 ಹಾಳೆಗಳಲ್ಲಿ ಪ್ರಿಂಟ್ ತೆಗೆದು ಅಂಟಿಸಿದೆ. 24 ಇಂಚಿನ ತೋಳು 22.5 ಬಂತು. ಅದು ಇಂಕ್‌ಸ್ಕೇಪ್‌ನ ಹಳೇ ಆವೃತ್ತಿಯಲ್ಲಿ ಬಿಡಿಸಿದ್ದ ಫೈಲ್. 0.92 ಆವೃತ್ತಿಯಿಂದ ಇಂಚಿಗೆ 90 ಪಿಕ್ಸೆಲ್ ಇದ್ದದ್ದು 96 ಆಗಿದೆ. ಈಗ ಪ್ರತಿ ಹಾಳೆಯಲ್ಲೂ 4 ಇಂಚಿನ ಚೌಕ ಹಾಕಿ, ಟೇಪ್ ಹಿಡಿದು ನೋಡಿಯೇ ಮುಂದಕ್ಕೆ.

ಅಮ್ಮ 2.25ರಲ್ಲಿ ಹೇಗೆ ಮುಗಿಸುತ್ತಾರೆ ಅಂತ ಭಾನುವಾರ ಪಕ್ಕದಲ್ಲೇ ಕೂತು ನೋಡಿದೆ. ಕುತ್ತಿಗೆಯ ಒಳಪಟ್ಟಿಯನ್ನು ನಾನು ಇಡೀ ಬಳೆಯ ಹಾಗೆ ಬಿಡಿಸಿದ್ದೆ. ಅವರು ಅದನ್ನು ಎರಡು ತುಂಡು ಮಾಡಿ, ಕಂಕುಳ ಪಕ್ಕದ ಚೂರಿನಲ್ಲಿ ಕತ್ತರಿಸಿ, ಭುಜದ ಹತ್ತಿರ ಜೋಡಿಸುತ್ತಾರೆ. ಜೋಡಣೆ ಒಳಗಿರುತ್ತದೆ, ಯಾರಿಗೂ ಕಾಣಲ್ಲ. ತಂತ್ರಾಂಶ ಕೊಟ್ಟ ಆಕಾರವನ್ನು ಕೂರಿಸುತ್ತದೆಯೇ ಹೊರತು, ಆಕಾರವನ್ನೇ ಮುರಿಯೋಣ ಅನ್ನುವುದಿಲ್ಲ.

ಒಳಪಟ್ಟಿಯನ್ನು ಎರಡಾಗಿ ಬಿಡಿಸಿ, ಹೊಲಿಗೆಗೆ ಅರ್ಧ ಇಂಚು ಸೇರಿಸಿ, ರಾತ್ರಿ ಮತ್ತೆ ಓಡಿಸಿದೆ. 2.15 ಮೀಟರ್. ಅಮ್ಮ ಬೆಳಿಗ್ಗೆ ಪರದೆ ನೋಡಿ, ಜೇಬಿನ ತುಂಡಿನ ಮೇಲೆ ಬೆರಳಿಟ್ಟರು: "ಇದನ್ನ ಹಳೇ ಲೈನಿಂಗ್ ಬಟ್ಟೇಲಿ ಹಾಕಿದ್ರೆ?"

ಮುಂದಿನ ವಾರ ಅದೇ.