ಸೀತಮ್ಮನಿಗೆ ಮಡಿಲಕ್ಕಿ

ಅಮ್ಮ ಕೋಲಾರ ಜಿಲ್ಲೆಯ ಆವಣಿ ಬೆಟ್ಟಕ್ಕೆ ಹರಕೆ ಹೊತ್ತಿದ್ದು ನಾನು ಹುಟ್ಟುವ ಮೊದಲು. ತೀರಿಸಿದ್ದು ನನಗೆ 34 ತುಂಬಿದ ಮೇಲೆ. ಮರೆತಿದ್ದಳು ಅಂತಲ್ಲ. ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಹೊರಡೋಣ ಅಂದಾಗಲೆಲ್ಲ ಹುಳ ಜ್ವರಕ್ಕೆ, ಅಂದರೆ ಮೇವು ಬಿಟ್ಟು ಪೊರೆ ಕಳಚೋಕೆ, ಕೂತಿರುತ್ತಿದ್ದವು. ಇಲ್ಲವೇ ಹಣ್ಣಾಗಿ, ಗೂಡು ಕಟ್ಟೋಕೆ ಚಂದ್ರಿಕೆ ತಟ್ಟೆಗೆ ಬಿಡುವ ಕೆಲಸ ಇರುತ್ತಿತ್ತು. ಒಂದು ಬೆಳೆಗೆ ಹೆಚ್ಚು ಕಡಿಮೆ 4 ವಾರ. ಗೂಡು ಬಿಡಿಸಿ ಮಾರಿ ಬರುವಷ್ಟರಲ್ಲಿ ಮುಂದಿನ ಬೆಳೆ ಬಾಗಿಲಲ್ಲಿ.

ನಾಲ್ಕನೇ ಜ್ವರ ಎದ್ದ ಹುಳಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಅಮ್ಮ ನಡುರಾತ್ರಿ ಎದ್ದು ತಟ್ಟೆ ತಟ್ಟೆಗೂ ಹಿಪ್ಪುನೇರಳೆ ಹಾಕುತ್ತಿದ್ದಳು. "ಪಾಪ, ಹಸಿವಾದ್ರೆ ಅಳೋಕೂ ಬರಲ್ಲ ಇವಕ್ಕೆ" ಅನ್ನುತ್ತಿದ್ದಳು. ಅಳೋಕೆ ಬರುತ್ತಿದ್ದ ನಾನು ಅಲ್ಲೇ ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದೆ.

ಈ ಸಲ ಎರಡು ಬೆಳೆಗಳ ನಡುವೆ ಒಂದು ವಾರ ಸಿಕ್ಕಿತು. ಮುಳಬಾಗಿಲಿನಿಂದ ಆವಣಿಗೆ ಸುಮಾರು 13 ಕಿಲೋಮೀಟರ್. ಕೆಳಗೆ ಊರಲ್ಲೇ ರಾಮಲಿಂಗೇಶ್ವರ ದೇವಸ್ಥಾನ. ನೊಳಂಬ ರಾಜರ ಕಾಲದ್ದು. ಒಂದೇ ಪ್ರಾಕಾರದಲ್ಲಿ ರಾಮ, ಲಕ್ಷ್ಮಣ, ಭರತ, ಶತ್ರುಘ್ನ ನಾಲ್ವರ ಹೆಸರಲ್ಲೂ ಲಿಂಗಗಳಿವೆ. ಲವ-ಕುಶರು ಅಪ್ಪನ ಸೈನ್ಯದ ಜೊತೆ ಕಾದಾಡಿದ್ದು ಇಲ್ಲೇ ಅನ್ನುವುದು ನಮ್ಮ ಕಡೆಯ ನಂಬಿಕೆ. ಅಣ್ಣತಮ್ಮಂದಿರಿಗೆಲ್ಲ ಕೆಳಗೆ ಕಲ್ಲಿನ ಗುಡಿಗಳು. ಸೀತಮ್ಮ ಮಾತ್ರ ಬೆಟ್ಟದ ಮೇಲೆ. ಮಕ್ಕಳಾಗದವರು ಅವಳನ್ನೇ ಹುಡುಕಿಕೊಂಡು ಹತ್ತುತ್ತಾರೆ.

ಹತ್ತುವಾಗ ಅಮ್ಮ ನಾಲ್ಕು ಕಡೆ ಕೂತಳು. ಒಂದು ಕಡೆ ಕೂತಾಗ ಸುಮ್ನೆ ಹೇಳಿದಳು, "ನಿನಗಿಂತ ಮುಂಚೆ ಎರಡು ಹೋದವು ಕಣೋ. ಮೂರನೇದು ಉಳಿಸು, ಮಡಿಲಕ್ಕಿ ತರ್ತೀನಿ ಅಂದಿದ್ದೆ." ಎರಡು ಹೋದದ್ದು ನನಗೆ ಅವತ್ತಿನವರೆಗೂ ಗೊತ್ತಿರಲಿಲ್ಲ. ಏನು ಹೇಳಬೇಕು ತೋಚದೆ ನೀರಿನ ಬಾಟಲಿ ಕೊಟ್ಟೆ.

ದಾರಿಯಲ್ಲಿ ವಾಲ್ಮೀಕಿಗಳು ಇದ್ದ ಜಾಗ, ಸೀತಮ್ಮ ಹಡೆದ ಜಾಗ ಅಂತ ತೋರಿಸುತ್ತಾರೆ. ಬಗ್ಗಿ ನೋಡಿದ ಅಮ್ಮ ಕೈ ಮುಗಿಯಲಿಲ್ಲ. ಮೊದಲು ಒಂದು ಪ್ರಶ್ನೆ ಕೇಳಿದಳು. "ಇಲ್ಲಿ ಬಾಣಂತನ ಯಾರು ಮಾಡಿದ್ರೋ? ಅವಳಿ ಬೇರೆ. ನೀರು ಕಾಯಿಸಿ ಹಾಕೋಕಾದ್ರೂ ಒಬ್ಬರು ಬೇಕಲ್ವಾ?"

ಯುದ್ಧದ ಕತೆ ನೂರು ಸಲ ಕೇಳಿದ್ದೇನೆ. ಈ ಪ್ರಶ್ನೆ ನನಗೆ ಒಮ್ಮೆಯೂ ಬಂದಿರಲಿಲ್ಲ. ಆದರೆ ಉತ್ತರಕಾಂಡದಲ್ಲಿ ಒಂದು ಸಣ್ಣ ಮಾತಿದೆ, ಅದು ನೆನಪಾಯಿತು. ಸೀತೆ ಹಡೆದ ರಾತ್ರಿ ವಾಲ್ಮೀಕಿಗಳು ಮಕ್ಕಳ ರಕ್ಷೆಗೆ ದರ್ಭೆ ಮಂತ್ರಿಸಿ ಆಶ್ರಮದ ಮುದುಕಿಯರ ಕೈಗೆ ಕೊಡುತ್ತಾರೆ. ಮೊದಲು ಹುಟ್ಟಿದವನ ಮೈಯನ್ನು ಕುಶದಿಂದ ಒರೆಸಿ, ಆಮೇಲೆ ಹುಟ್ಟಿದವನ ಮೈಯನ್ನು ಲವದಿಂದ, ಅಂದರೆ ದರ್ಭೆಯ ಬುಡದ ತುಂಡಿನಿಂದ, ಒರೆಸಿ ಅನ್ನುತ್ತಾರೆ. ಅದೇ ಇಬ್ಬರ ಹೆಸರಾಯಿತು. ಅಂದರೆ ಆ ಹೆಸರುಗಳು ಬಂದಿದ್ದು ಬಾಣಂತಿ ಕೋಣೆಯಿಂದ. ಒರೆಸಿದ ಮುದುಕಿಯರ ಹೆಸರು ಮಾತ್ರ ಅಲ್ಲಿಲ್ಲ.

ಹೇಳಿದೆ. ಅಮ್ಮ ತಲೆ ಆಡಿಸಿದಳು. "ನನಗೂ ಪಕ್ಕದ ಮನೆ ಅಜ್ಜಿನೇ ನೀರು ಹಾಕಿದ್ದು. ನಮ್ಮಮ್ಮ ಆಗಲೇ ಇರಲಿಲ್ಲವಲ್ಲ." ಸ್ವಲ್ಪ ಹೊತ್ತು ಬಿಟ್ಟು ಅಂದಳು, "ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕು. ಇವಳಿಗೆ ಕಾಡು ಬಂತು ನೋಡು."

ಆವಣಿ ಅನ್ನುವುದು ಅವನಿಯೇ ಅಂತ ಹೇಳುವವರಿದ್ದಾರೆ. ಅವನಿ ಅಂದರೆ ಭೂಮಿ. ಸೀತಮ್ಮ ನೇಗಿಲ ಸಾಲಲ್ಲಿ ಸಿಕ್ಕ ಮಗಳು, ಭೂಮಿಯೇ ಅವಳ ತಾಯಿ. ಇದನ್ನೂ ಹೇಳಿದೆ. ಅಮ್ಮನ ಮುಖ ಅರಳಿತು.

"ಹಂಗಾದ್ರೆ ತವರಿಗೇ ಬಂದವ್ಳೆ ಬಿಡು" ಅಂದಳು. ಮಂಡಿ ನೋವು ಮರೆತವಳ ಹಾಗೆ ಉಳಿದ ಮೆಟ್ಟಿಲು ಹತ್ತಿದಳು. ಇದನ್ನು ಪವಾಡ ಅಂತ ಬರೆಯಲಾರೆ, ಮರುದಿನ ಮಂಡಿಗೆ ಎಣ್ಣೆ ತಿಕ್ಕಿದ್ದು ನಾನೇ.

ಗುಡಿಯಲ್ಲಿ ಗಂಟು ಬಿಚ್ಚಿದಳು. ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಅರಿಶಿನ ಕುಂಕುಮ, ಹಸಿರು ಬಳೆ, ರವಿಕೆ ಕಣ. ನನ್ನ ತಂಗಿಯನ್ನು ಗಂಡನ ಮನೆಗೆ ಕಳಿಸುವಾಗ ಏನೇನು ಕಟ್ಟಿದ್ದಳೋ ಅದೇ ಎಲ್ಲ. ಒಂದು ಮಾತ್ರ ಜಾಸ್ತಿ ಇತ್ತು. ಕಾಗದದಲ್ಲಿ ಸುತ್ತಿದ ಒಣಶುಂಠಿ ತುಂಡು, ಬಾಣಂತಿ ಖಾರಕ್ಕೆ ಹಾಕುತ್ತಾರಲ್ಲ, ಅದು. ಅರ್ಚಕರು ಇದೇನಮ್ಮ ಅಂದರು. "ಇರಲಿ ಸ್ವಾಮಿ, ಇಟ್ಟುಬಿಡಿ" ಅಂದಳು. ಅವರು ಇಟ್ಟರು.

ಮಡಿಲಕ್ಕಿಯಲ್ಲಿ ಒಂದು ಹಿಡಿ ತೆಗೆದು ಅಮ್ಮನ ಸೆರಗಿಗೆ ವಾಪಸ್ ಹಾಕಿದರು. ಹೊರಗೆ ಬಂದು ಬಂಡೆಯ ಮೇಲೆ ಕೂತಾಗ ಅದನ್ನು ನನ್ನ ಕೈಗೆ ಸುರಿದಳು. "ನಿನ್ನ ಹರಕೆ, ನೀನೇ ಇಟ್ಕೋ."

ನನಗೆಲ್ಲಿದೆ ಸೆರಗು? ಅಂಗಿ ಜೇಬಿಗೆ ಹಾಕಿಕೊಂಡೆ. ಬೆಟ್ಟ ಇಳಿಯುವಾಗ ಚೆಲ್ಲದ ಹಾಗೆ ಮೇಲೆ ಕೈ ಇಟ್ಟುಕೊಂಡೇ ಬಂದೆ.