ಎಕೋ ರೂಮಿಗೆ ಬರೋ ಜಿಮ್ ಹುಡುಗರಿಂದ ನಾನು ಕಲ್ತಿದ್ದು

ನಾನು ಕಾರ್ಡಿಯಾಲಜಿ ವಿಭಾಗದಲ್ಲಿ ಎಕೋ ಟೆಕ್ನಿಷಿಯನ್. ಎದೆ ಮೇಲೆ ಜೆಲ್ ಹಚ್ಚಿ ಪ್ರೋಬ್ ಇಟ್ಟು, ಹಾರ್ಟ್ ಹೆಂಗೆ ಬಡ್ಕೊಳ್ತಿದೆ, ಗೋಡೆ ಎಷ್ಟು ದಪ್ಪ ಇದೆ, ವಾಲ್ವ್ ಸರಿಯಾಗಿ ಮುಚ್ತಿದೆಯಾ ಅಂತೆಲ್ಲ ಅಳೆದು ಡಾಕ್ಟರ ಮುಂದೆ ಇಡೋದು ನನ್ನ ಕೆಲಸ. ಬರೋರಲ್ಲಿ ಹೆಚ್ಚಿನವರು ವಯಸ್ಸಾದವರು, ಶುಗರ್ ಬಿಪಿ ಇರೋರು. ಆದ್ರೆ ಮಧ್ಯೆ ಮಧ್ಯೆ ಇನ್ನೊಂದು ಥರದವರು ಬರ್ತಾರೆ, ಮೂವತ್ತರ ಆಸುಪಾಸು, ಗಟ್ಟಿಮುಟ್ಟು ಮೈ, ಸಿಗರೇಟ್ ಇಲ್ಲ, ಕುಡಿತ ಇಲ್ಲ, ದಿನಾ ಎರಡು ಹೊತ್ತು ಭಾರ ಎತ್ತೋರು. ಎದೆ ಡವಡವ ಅನ್ನತ್ತೆ, ಮೆಟ್ಟಿಲು ಹತ್ತಿದ್ರೆ ಉಸಿರು ಸಾಕಾಗಲ್ಲ ಅಂತಾರೆ. ಇವರನ್ನ ನೋಡಿದ ತಕ್ಷಣ ಎಲ್ಲರ ಬಾಯಲ್ಲೂ ಬರೋ ಮಾತು ಒಂದೇ, "ಇವನಿಗೇನಾಗಿದೆ, ಗುಂಡುಕಲ್ಲಿನ ಹಾಗಿದಾನೆ."

ಇದನ್ನ ಬರೀತಿರೋದು ಮುಖ್ಯವಾಗಿ ನನ್ನ ಥರ ಎಕೋ, ಇಸಿಜಿ, ಟಿಎಂಟಿ ಮಾಡೋರಿಗೆ, ಜೊತೆಗೆ ಭಾರ ಎತ್ತೋ ಹುಡುಗ್ರಿಗೂ. ಮೈಕಟ್ಟು ನೋಡಿ, ದಪ್ಪ ಗೋಡೆ ನೋಡಿ, "ಅಥ್ಲೀಟ್ ಹಾರ್ಟ್" (ವ್ಯಾಯಾಮದಿಂದ ಬೆಳೆದ ಆರೋಗ್ಯವಂತ ಹಾರ್ಟ್) ಅಂತ ಬರೆದು ಕಳಿಸಿಬಿಡಬೇಡಿ. ಮೈ ಬೆಳೆಸೋಕೆ ಗಂಡು ಹಾರ್ಮೋನ್ ಥರದ ಸ್ಟೀರಾಯ್ಡ್ ತಗೋತಾರಾ ಅಂತ ಕೇಳಿ, ಉತ್ತರ ಬರೋ ಹಂಗೆ ಕೇಳಿ.

ಯಾಕೆ ಅಂದ್ರೆ ವ್ಯಾಯಾಮದಿಂದ ಬೆಳೆದ ಹಾರ್ಟೂ ಸ್ಟೀರಾಯ್ಡಿಂದ ಬೆಳೆದ ಹಾರ್ಟೂ ಮೇಲ್ನೋಟಕ್ಕೆ ಒಂದೇ ಥರ ಕಾಣತ್ತೆ. ಏನೂ ತಗೊಳ್ದೆ ಬರೀ ಭಾರ ಎತ್ತೋರಿಗೂ ಹಾರ್ಟ್ ಗೋಡೆ ಸ್ವಲ್ಪ ದಪ್ಪ ಆಗೋದು ಸಹಜ. ಉಸಿರು ಬಿಗಿಹಿಡಿದು ತಳ್ಳೋವಾಗ ಬಿಪಿ ಆ ಕ್ಷಣಕ್ಕೆ ಎಲ್ಲಿಗೋ ಹೋಗಿರತ್ತೆ. 1985ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬಾಡಿಬಿಲ್ಡರ್‌ಗಳ ತೋಳಿನ ರಕ್ತನಾಳದ ಒಳಗೇ ಟ್ಯೂಬ್ ಇಟ್ಟು ಅಳೆದ್ರೆ, ಲೆಗ್ ಪ್ರೆಸ್ ಮಾಡ್ತಿದ್ದ ಒಬ್ಬನಿಗೆ 480/350 ದಾಟಿತ್ತು. ಅಷ್ಟು ಒತ್ತಡದ ಎದುರು ದಿನಾ ಪಂಪ್ ಮಾಡೋ ಸ್ನಾಯು ಬೆಳೆಯದೆ ಇರತ್ತಾ. ಆದ್ರೆ ಆ ಬೆಳವಣಿಗೆಗೂ ಒಂದು ಮಿತಿ ಇದೆ. ಗಂಡಸರಿಗೆ ಸಾಮಾನ್ಯವಾಗಿ 10 ಮಿಲಿಮೀಟರ್ ಒಳಗಿರೋ ಗೋಡೆ 11, 12 ಆಗಬಹುದು, 13 ದಾಟೋದು ಅಪರೂಪ. ಮುಖ್ಯವಾಗಿ ಹಾರ್ಟಿನ ಕೆಲಸ ಚೆನ್ನಾಗೇ ಇರತ್ತೆ, ಚೆನ್ನಾಗಿ ಕುಗ್ಗತ್ತೆ, ಚೆನ್ನಾಗಿ ಸಡಿಲ ಆಗತ್ತೆ. ಕೆಲವು ತಿಂಗಳು ಟ್ರೇನಿಂಗ್ ಬಿಟ್ರೆ ದಪ್ಪವೂ ಇಳಿಯತ್ತೆ.

ಸ್ಟೀರಾಯ್ಡ್ ಹಾರ್ಟಲ್ಲಿ ಕೆಡೋದು ಈ ಸಡಿಲ ಆಗೋ ಕೆಲಸ ಮತ್ತು ಕುಗ್ಗೋ ಶಕ್ತಿ. ನಮ್ಮ ಮೆಷಿನ್ನಲ್ಲಿ ಇದನ್ನ ನೋಡೋಕೆ ಗೋಡೆ ಚಲಿಸೋ ವೇಗ ಅಳೆಯೋ ಟಿಶ್ಯೂ ಡಾಪ್ಲರ್ ಇದೆ, ಸ್ನಾಯು ಎಷ್ಟು ಕುಗ್ಗತ್ತೆ ಅಂತ ತೋರಿಸೋ ಸ್ಟ್ರೇನ್ ಇದೆ. ಗೋಡೆ ದಪ್ಪ ಅಳೆದು, ಇಜೆಕ್ಷನ್ ಫ್ರಾಕ್ಷನ್ನು (ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಶೇಕಡಾ ಎಷ್ಟು ಹೊರಗೆ ಹೋಗತ್ತೆ ಅನ್ನೋದು) ಕಣ್ಣಂದಾಜಲ್ಲಿ "55-60" ಅಂತ ಹೊಡೆದು ಮುಂದಿನ ಪೇಷೆಂಟ್ ಕರೆಯೋ ರೂಢಿ ಇದೆಯಲ್ಲ, ಅಲ್ಲೇ ಇವರು ಜಾರಿ ಹೋಗೋದು. ಇನ್ನೊಂದು ವಿಷಯ, ಎಡ ವೆಂಟ್ರಿಕಲ್, ಅಂದ್ರೆ ಮೈಗೆಲ್ಲ ರಕ್ತ ತಳ್ಳೋ ಹಾರ್ಟಿನ ಕೋಣೆ, ಅದರ ತೂಕವನ್ನ ನಾವು ದೇಹದ ಗಾತ್ರಕ್ಕೆ ಭಾಗಿಸಿ ನೋಡ್ತೀವಿ, ಗಂಡಸರಿಗೆ ಚದರ ಮೀಟರಿಗೆ 115 ಗ್ರಾಂ ದಾಟಿದ್ರೆ ಜಾಸ್ತಿ ಅಂತ. ಔಷಧಿ ಹಾಕಿ ಬೆಳೆಸಿದ ದೇಹದಲ್ಲಿ ಭಾಗಿಸೋ ಸಂಖ್ಯೆನೇ ದೊಡ್ಡದಾಗಿರತ್ತೆ, ಹಂಗಾಗಿ ರಿಪೋರ್ಟಲ್ಲಿ ಎಲ್ಲ ನಾರ್ಮಲ್ ಅಂತ ಕಾಣೋ ಸಾಧ್ಯತೆ ಇದೆ. ಇಂಥವರಲ್ಲಿ ಭಾಗಿಸದ ಅಳತೆಯನ್ನೂ ನೋಡಿ ಅಂತ ನಾನು ಜೂನಿಯರ್‌ಗಳಿಗೆ ಯಾವಾಗ್ಲೂ ಹೇಳ್ತೀನಿ.

ಒಬ್ಬರ ವಿಷಯ ಹೇಳ್ತೀನಿ, ಯಾರು ಅಂತ ಗುರುತು ಸಿಗದ ಹಂಗೆ. ಚೀಟಿಯಲ್ಲಿ "ಪಾಲ್ಪಿಟೇಷನ್, ಜಿಮ್ ಹೋಗ್ತಾರೆ" ಅಂತ ಅಷ್ಟೇ ಇತ್ತು. ಎಡಮಗ್ಗುಲಿಗೆ ಮಲಗಿಸಿ ಕೈ ತಲೆ ಮೇಲೆ ಎತ್ತಿಸಿ ಪ್ರೋಬ್ ಇಟ್ರೆ ಏನೂ ಕಾಣ್ತಿಲ್ಲ, ಎದೆ ಸ್ನಾಯು ಅಷ್ಟು ದಪ್ಪ, ಪಕ್ಕೆಲುಬಿನ ಸಂದಿ ಹುಡುಕೋಕೇ ಕಷ್ಟ. ಉಸಿರು ಪೂರ್ತಿ ಬಿಟ್ಟು ಹಂಗೇ ಹಿಡ್ಕೊಳ್ಳಿ ಅಂದೆ, ಗಟ್ಟಿಯಾಗಿ ಒತ್ತಿದೆ, ಆಗ ಚಿತ್ರ ಬಂತು. ಗೋಡೆ 14. ಇಜೆಕ್ಷನ್ ಫ್ರಾಕ್ಷನ್ ಎರಡು ಕೋನದಿಂದ ಗೆರೆ ಎಳೆದು ಅಳೆದ್ರೆ 44. ಸಡಿಲ ಆಗೋ ವೇಗ ಆ ವಯಸ್ಸಿಗೆ ಸೆಕೆಂಡಿಗೆ 10 ಸೆಂಟಿಮೀಟರ್ ಮೇಲಿರಬೇಕು, ಇವರದ್ದು 6. ಇದು ವ್ಯಾಯಾಮದಿಂದ ಬರೋ ಚಿತ್ರ ಅಲ್ಲವೇ ಅಲ್ಲ. ಚರ್ಮ ನೋಡಿದ್ರೆ ಭುಜ ಬೆನ್ನಿನ ತುಂಬ ಮೊಡವೆ.

ಮಾತ್ರೆ ಏನಾದ್ರೂ ತಗೋತೀರಾ ಅಂತ ಓಪಿಡಿಯಲ್ಲಿ ಕೇಳಿದಾಗ ಇಲ್ಲ ಅಂದಿದ್ರು. ಆಗ ಜೊತೆಗೆ ತಾಯಿ ನಿಂತಿದ್ರಂತೆ. ಇಲ್ಲಿ ರೂಮಲ್ಲಿ ನಾವಿಬ್ರೇ. ನಾನು ಸ್ಕ್ರೀನ್ ನೋಡ್ಕೊಂಡೇ, ನಿದ್ದೆ ಚೆನ್ನಾಗಿ ಬರತ್ತಾ ಅಂತ ಕೇಳೋ ದನಿಯಲ್ಲೇ ಕೇಳಿದೆ, "ಈಗ ಸೈಕಲ್ ಮೇಲಿದೀರಾ, ಆಫ್ ಇದೀರಾ?" ಸ್ವಲ್ಪ ಹೊತ್ತು ಸುಮ್ಮನಿದ್ದು, "ಬ್ಲಾಸ್ಟ್ ಮುಗೀತು ಸರ್, ಈಗ ಕ್ರೂಸ್ ಮೇಲಿದೀನಿ" ಅಂದ್ರು. ಸೈಕಲ್ ಅಂದ್ರೆ ಕೆಲವು ವಾರ ಸ್ಟೀರಾಯ್ಡ್ ತಗೊಂಡು ಆಮೇಲೆ ನಿಲ್ಲಿಸೋ ಸರದಿ, ಬ್ಲಾಸ್ಟ್ ಅಂದ್ರೆ ಜಾಸ್ತಿ ಡೋಸ್ ತಗೊಳ್ಳೋ ಅವಧಿ. ಕ್ರೂಸ್ ಅಂದಾಗ ಗೊತ್ತಿಲ್ಲದವರು ನಿಲ್ಲಿಸಿದಾರೆ ಅಂದ್ಕೋತಾರೆ. ನಿಲ್ಲಿಸಿಲ್ಲ. ಕ್ರೂಸ್ ಅಂದ್ರೆ ಡೋಸ್ ಇಳಿಸಿ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಮುಂದುವರಿಸೋದು, ವರ್ಷಗಟ್ಟಲೆ ಹಾರ್ಟಿಗೆ ಒಂದು ದಿನವೂ ರಜೆ ಇಲ್ಲ. ಆಮೇಲೆ ಒಂದೊಂದೇ ಹೊರಗೆ ಬಂತು, ಡೆಕಾ, ಟ್ರೆನ್ ಅನ್ನೋ ಸ್ಟೀರಾಯ್ಡ್‌ಗಳು, ಕೊಬ್ಬಿಳಿಸೋ ಕಟಿಂಗ್ ಟೈಮಲ್ಲಿ ವಿನ್‌ಸ್ಟ್ರಾಲ್ ಮಾತ್ರೆ, ಸ್ಪರ್ಧೆ ಹತ್ರ ಬಂದಾಗ ನೀರಿಳಿಸೋ ಮಾತ್ರೆ. ಟ್ರೆನ್ ಅಂದ್ರೆ ಟ್ರೆನ್‌ಬೊಲೋನ್, ದನಗಳ ಮಾಂಸ ಬೆಳೆಸೋಕೆ ಮಾಡಿದ್ದು. ಅದನ್ನ ಮನುಷ್ಯರು ಚುಚ್ಕೊಳ್ತಿದಾರೆ ಅಂತ ಮೊದಲ ಸಲ ಗೊತ್ತಾದಾಗ ನನಗೆ ನಿಜಕ್ಕೂ ಸಂಕಟ ಆಯ್ತು.

"ಡಾಕ್ಟರಿಗೆ ಹೇಳಬೇಕು, ಹೇಳ್ಲಾ?" ಅಂತ ಅವರನ್ನೇ ಕೇಳಿದೆ. ಒಪ್ಪಿದ್ರು. ಇದು ಮುಖ್ಯ. ಅವರ ಬೆನ್ನ ಹಿಂದೆ ಹೇಳಿದ್ರೆ ಮುಂದಿನ ಸಲ ಬರೋದೇ ಇಲ್ಲ.

ಬೈದ್ರೂ ಅಷ್ಟೇ. ಈ ಹುಡುಗ್ರು ತಮ್ಮ ದೇಹದ ಬಗ್ಗೆ ನಮಗಿಂತ ಜಾಸ್ತಿ ಲೆಕ್ಕ ಇಡೋರು, ಪ್ರೋಟೀನ್ ಗ್ರಾಂ ಗ್ರಾಂ ತೂಗೋರು. ಅವರಿಗೆ ಸಂಖ್ಯೆ ತೋರಿಸಿದ್ರೆ ಅರ್ಥ ಆಗತ್ತೆ. ಹಾಗೇ ನಮ್ಮ ಕಡೆಯವರಿಗೂ ಒಂದು ಮಾತು, ವ್ಹೇ ಪ್ರೋಟೀನ್, ಕ್ರಿಯೇಟಿನ್ ಇವು ಸ್ಟೀರಾಯ್ಡ್ ಅಲ್ಲ. "ಪೌಡರ್ ತಿಂತೀಯಾ, ಅದಕ್ಕೇ ಹಿಂಗಾಗಿದೆ" ಅಂತ ಒಮ್ಮೆ ಅಂದುಬಿಟ್ರೆ ಇವರಿಗೆ ಏನೂ ಗೊತ್ತಿಲ್ಲ ಅಂತ ಅವರು ತೀರ್ಮಾನ ಮಾಡಿಬಿಡ್ತಾರೆ, ಆಮೇಲೆ ನೀವು ಹೇಳೋ ನಿಜವಾದ ಮಾತೂ ಕಿವಿಗೆ ಹೋಗಲ್ಲ.

ಬಿಪಿ ವಿಷಯ ಸ್ವಲ್ಪ ಬಿಡಿಸಿ ಹೇಳ್ಬೇಕು, ಇಲ್ಲಿ ಎರಡೂ ಕಡೆ ಎಡವಟ್ಟಾಗತ್ತೆ. ದಪ್ಪ ತೋಳಿಗೆ ಮಾಮೂಲಿ ಕಫ್ ಕಟ್ಟಿದ್ರೆ ಬಿಪಿ ಇರೋದಕ್ಕಿಂತ ಜಾಸ್ತಿ ತೋರಿಸತ್ತೆ. ಇದು ಎಲ್ಲರಿಗೂ ಗೊತ್ತು, ಅದಕ್ಕೇ ಇವರಿಗೆ 160 ಬಂದ್ರೂ "ಕಫ್ ಚಿಕ್ಕದು ಬಿಡಿ" ಅಂತ ತಳ್ಳಿಹಾಕೋದು ನಡೆಯತ್ತೆ. ಆದ್ರೆ ಸ್ಟೀರಾಯ್ಡ್ ಮೈಯಲ್ಲಿ ಉಪ್ಪು ನೀರು ಹಿಡಿದಿಡತ್ತೆ, ಬಿಪಿ ನಿಜಕ್ಕೂ ಏರಿರತ್ತೆ. ದೊಡ್ಡ ಕಫ್ ತಂದು ಇನ್ನೊಮ್ಮೆ ಅಳೆಯಿರಿ, ಇಲ್ಲದಿದ್ರೆ ತೊಡೆಗೆ ಕಟ್ಟೋ ಕಫ್ಫನ್ನ ತೋಳಿಗೆ ಸುತ್ತಿ. ಐದು ನಿಮಿಷದ ಕೆಲಸ. ಮೇಲೆ ಹೇಳಿದವರಿಗೆ ದೊಡ್ಡ ಕಫ್ಫಲ್ಲೂ 152/96 ಇತ್ತು.

ಇದೆಲ್ಲ ಒಳಗೆ ಹೆಂಗೆ ನಡೆಯತ್ತೆ ಅಂದ್ರೆ, ಹಾರ್ಟಿನ ಸ್ನಾಯುವಿನಲ್ಲೂ ಈ ಹಾರ್ಮೋನ್ ಕೂರೋ ರಿಸೆಪ್ಟರ್ ಇವೆ. ಬೈಸೆಪ್ಸ್ ಬೆಳೆಸೋ ಔಷಧಿ ಹಾರ್ಟನ್ನ ಬಿಟ್ಟು ಬೆಳೆಸಲ್ಲ. ಸ್ನಾಯು ಉಬ್ಬತ್ತೆ, ಮಧ್ಯೆ ಮಧ್ಯೆ ಗಾಯದ ಕಲೆ ಥರದ ನಾರು ಸೇರ್ಕೊಳ್ಳತ್ತೆ, ಆ ನಾರಿರೋ ಜಾಗದಲ್ಲಿ ಕರೆಂಟ್ ಅಡ್ಡಾದಿಡ್ಡಿ ಹರಿದು ಬಡಿತ ತಪ್ಪತ್ತೆ. ಒಳ್ಳೇ ಕೊಲೆಸ್ಟ್ರಾಲ್ ಅಂತೀವಲ್ಲ ಎಚ್‌ಡಿಎಲ್, ಅದು ಪಾತಾಳಕ್ಕೆ ಇಳಿಯತ್ತೆ, ಅದರಲ್ಲೂ ಮಾತ್ರೆ ರೂಪದ್ದು ಜಾಸ್ತಿ ಇಳಿಸತ್ತೆ. ಸ್ಟಾನೊಜೊಲೋಲ್, ಅದೇ ವಿನ್‌ಸ್ಟ್ರಾಲ್, 1988ರ ಸೋಲ್ ಒಲಿಂಪಿಕ್ಸಲ್ಲಿ ಬೆನ್ ಜಾನ್ಸನ್ ಸಿಕ್ಕಿಬಿದ್ದಿದ್ದು ಇದರಲ್ಲೇ, ದಿನಕ್ಕೆ 6 ಮಿಲಿಗ್ರಾಂ ಕೊಟ್ಟು ನೋಡಿದ ಒಂದು ಅಧ್ಯಯನದಲ್ಲಿ ಎಚ್‌ಡಿಎಲ್ ಮೂರರಲ್ಲಿ ಒಂದು ಭಾಗ ಕಮ್ಮಿಯಾಗಿತ್ತು. ಜಿಮ್ಮಲ್ಲಿ ತಗೊಳ್ಳೋದು ಅದರ ಎಷ್ಟೋ ಪಟ್ಟು. ಜೊತೆಗೆ ಕೆಂಪು ರಕ್ತಕಣ ಜಾಸ್ತಿಯಾಗಿ ರಕ್ತ ಗಟ್ಟಿಯಾಗತ್ತೆ, ಕ್ಲಾಟ್ ಆಗೋಕೆ ದಾರಿ. ಹಾರ್ಮೋನ್ ಕೊರತೆ ಇರೋರಿಗೆ ಡಾಕ್ಟರೇ ಟೆಸ್ಟೋಸ್ಟೆರಾನ್ ಕೊಡೋವಾಗ್ಲೂ ಹೆಮಟೋಕ್ರಿಟ್, ಅಂದ್ರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಶೇಕಡಾ 54 ದಾಟಿದ್ರೆ ನಿಲ್ಲಿಸ್ತಾರೆ. ಅವರಿಗೆ ಕೊಡೋದು ವಾರಕ್ಕೆ 100 ಮಿಲಿಗ್ರಾಂ ಆಸುಪಾಸು, ಸೈಕಲ್ ಮಾಡೋರು 500ರ ಮೇಲೆ, ಅದರ ಜೊತೆ ಇನ್ನೆರಡು ಮೂರು ಔಷಧಿ ಬೇರೆ, ಅದೂ ಬಾಟಲಿ ಮೇಲೆ ಬರೆದಿರೋದೇ ಒಳಗಿದೆ ಅನ್ನೋ ಗ್ಯಾರಂಟಿ ಇಲ್ಲದೆ.

"ನಮ್ಮ ಸೀನಿಯರ್ ಹತ್ತು ವರ್ಷದಿಂದ ತಗೋತಿದಾರೆ, ಏನೂ ಆಗಿಲ್ಲ" ಅನ್ನೋ ಮಾತು ಈ ಮಂಚದ ಮೇಲೆ ಮಲಗಿದ ಎಲ್ಲರೂ ಹೇಳ್ತಾರೆ. ಅವರಿಗೆ ನಾನು ಹೇಳೋದು ಡೆನ್ಮಾರ್ಕಿನ ಲೆಕ್ಕ. ಅಲ್ಲಿ ಮಾಮೂಲಿ ಫಿಟ್‌ನೆಸ್ ಸೆಂಟರಲ್ಲೂ ಡೋಪಿಂಗ್ ಟೆಸ್ಟ್ ಮಾಡ್ತಾರೆ. 2006ರಿಂದ 2018ರ ಒಳಗೆ ಹಂಗೆ ಸಿಕ್ಕಿಬಿದ್ದ 1189 ಗಂಡಸರನ್ನ ಅದೇ ವಯಸ್ಸಿನ ಬೇರೆ ಗಂಡಸರ ಜೊತೆ ಹೋಲಿಸಿ, ಸರಾಸರಿ 11 ವರ್ಷ ದಾಖಲೆ ನೋಡಿದ್ರು. ಹಾರ್ಟ್ ಅಟ್ಯಾಕ್ ಮೂರು ಪಟ್ಟು. ಹಾರ್ಟ್ ಫೇಲ್ಯೂರ್ ಮೂರೂವರೆ ಪಟ್ಟು. ಸ್ನಾಯುವೇ ಕೆಡೋ ಕಾರ್ಡಿಯೋಮಯೋಪತಿ ಸುಮಾರು ಒಂಬತ್ತು ಪಟ್ಟು. ನಿಮ್ಮ ಸೀನಿಯರ್ ಒಬ್ಬರು, ಇದು ಸಾವಿರ ಚಿಲ್ಲರೆ ಜನ ಅಂತೀನಿ. ಕೆಲವರು ಅದಕ್ಕೂ ವಾದ ಮಾಡ್ತಾರೆ, ಮಾಡ್ಲಿ, ವಾದ ಮಾಡೋರು ಕೇಳಿಸ್ಕೊಂಡಿರ್ತಾರೆ.

ಎಕೋ ಮಾಡೋರಿಗೆ ಅದಕ್ಕಿಂತ ಉಪಯೋಗಕ್ಕೆ ಬರೋದು 2017ರಲ್ಲಿ ಅಮೆರಿಕದಿಂದ ಬಂದ ಅಧ್ಯಯನ. ಭಾರ ಎತ್ತೋ 140 ಗಂಡಸರು, ಅದರಲ್ಲಿ ಸ್ಟೀರಾಯ್ಡ್ ತಗೊಂಡೋರು 86, ತಗೊಳ್ಳದವರು 54. ಅಂದ್ರೆ ವ್ಯಾಯಾಮ ಇಬ್ಬರಿಗೂ ಇದೆ, ಔಷಧಿ ಒಂದೇ ವ್ಯತ್ಯಾಸ. ತಗೊಳ್ಳದವರ ಸರಾಸರಿ ಇಜೆಕ್ಷನ್ ಫ್ರಾಕ್ಷನ್ 63, ತಗೊಂಡೋರದ್ದು 52. ತಗೊಂಡೋರಲ್ಲೇ ಆ ಹೊತ್ತಿಗೆ ಸೈಕಲ್ ಮೇಲಿದ್ದೋರದ್ದು 49, ಆಫ್ ಇದ್ದೋರದ್ದು 58. ಆದ್ರೆ ಸಡಿಲ ಆಗೋ ಕೆಲಸ ಆಫ್ ಇದ್ದೋರಲ್ಲೂ ಪೂರ್ತಿ ಸರಿ ಇರಲಿಲ್ಲ. ಹಾರ್ಟಿನ ರಕ್ತನಾಳದೊಳಗೆ ಕಟ್ಟಿಕೊಳ್ಳೋ ಕೊಬ್ಬಿನ ಪದರ, ಅಂದ್ರೆ ಪ್ಲಾಕೂ ತಗೊಂಡೋರಲ್ಲಿ ಜಾಸ್ತಿ, ಜೀವಮಾನದಲ್ಲಿ ಎಷ್ಟು ವರ್ಷ ತಗೊಂಡಿದಾರೋ ಅಷ್ಟು ಹೆಚ್ಚು. ಪಂಪ್ ಶಕ್ತಿ ವಾಪಸ್ ಬರಬಹುದು, ಪ್ಲಾಕ್ ಹೋಗಲ್ಲ.

ವಾಪಸ್ ಬರತ್ತೆ ಅನ್ನೋದನ್ನ ಒತ್ತಿ ಹೇಳ್ತೀನಿ, ಯಾಕಂದ್ರೆ ಇದು ಕೇಳಿದಾಗ್ಲೇ ಹುಡುಗ್ರ ಮುಖ ಬದಲಾಗೋದು. ನೆದರ್ಲೆಂಡ್ಸಲ್ಲಿ ಸೈಕಲ್ ಶುರು ಮಾಡೋ ಮುಂಚೆ, ನಡುವೆ, ಬಿಟ್ಟ ಮೇಲೆ ಅಂತ ಒಬ್ಬೊಬ್ಬರನ್ನೂ ಮತ್ತೆ ಮತ್ತೆ ಎಕೋ ಮಾಡಿ ನೋಡಿದಾರೆ. ಒಂದು ಸೈಕಲ್ಲಿಗೇ ಇಜೆಕ್ಷನ್ ಫ್ರಾಕ್ಷನ್ ಸರಾಸರಿ 5 ಅಂಶದಷ್ಟು ಬಿತ್ತು, ವೆಂಟ್ರಿಕಲ್ ತೂಕ 28 ಗ್ರಾಂನಷ್ಟು ಏರಿತು, ಬಿಟ್ಟು ಹೆಚ್ಚುಕಮ್ಮಿ ಎಂಟು ತಿಂಗಳಿಗೆ ಮೊದಲಿನ ಮಟ್ಟಕ್ಕೆ ಬಂತು. ಬ್ಲಾಸ್ಟ್ ಕ್ರೂಸ್ ಅಂತ ಮಾಡೋರು ಆ ತಿಂಗಳುಗಳನ್ನ ಹಾರ್ಟಿಗೆ ಕೊಡೋದೇ ಇಲ್ಲ.

ಬಿಡೋದು ಸುಲಭ ಅಂತ ನಾನು ಹೇಳಲ್ಲ. ಹೊರಗಿಂದ ಹಾರ್ಮೋನ್ ಬರ್ತಿದ್ರೆ ದೇಹ ತನ್ನದನ್ನ ಮಾಡೋದು ನಿಲ್ಲಿಸಿರತ್ತೆ. ಬಿಟ್ಟ ಮೇಲೆ ತಿಂಗಳುಗಟ್ಟಲೆ ಸುಸ್ತು, ಮನಸ್ಸು ಕುಗ್ಗತ್ತೆ, ಲೈಂಗಿಕ ಆಸಕ್ತಿ ಇರಲ್ಲ, ಕಟ್ಟಿದ ಮೈ ಕಣ್ಣೆದುರೇ ಇಳಿಯತ್ತೆ. ಆಗಲೇ ಮತ್ತೆ ಸಿರಿಂಜ್ ಹಿಡಿಯೋದು. ಅದಕ್ಕೇ ನಮ್ಮ ಡಾಕ್ಟರ್ ಇವರನ್ನ ಹಾರ್ಟ್ ಮಾತ್ರೆ ಕೊಟ್ಟು ಅಲ್ಲಿಗೇ ಬಿಡಲ್ಲ, ಹಾರ್ಮೋನ್ ಡಾಕ್ಟರ್ ಹತ್ರನೂ ಕಳಿಸ್ತಾರೆ, ಬೇಕಾದ್ರೆ ಮನೋವೈದ್ಯರ ಹತ್ರನೂ. ನಾನು ಹೇಳಿದ ಪೇಷೆಂಟ್‌ಗೂ ಹಂಗೇ ಮಾಡಿದ್ರು. ಸಿಟಿ ಮಾಡಿಸಿದಾಗ ಎಡಗಡೆ ಮುಖ್ಯ ನಾಳದಲ್ಲಿ ಪ್ಲಾಕ್ ಸಿಕ್ತು, ಅದಕ್ಕೆ ಕೊಲೆಸ್ಟ್ರಾಲ್ ಇಳಿಸೋ ಸ್ಟ್ಯಾಟಿನ್ ಮಾತ್ರೆ ನಡೀತಾ ಇದೆ. ಕೊನೇ ಎಕೋದಲ್ಲಿ ಇಜೆಕ್ಷನ್ ಫ್ರಾಕ್ಷನ್ 53, ಗೋಡೆ 12.

ಓದ್ತಿರೋ ಹುಡುಗ್ರಲ್ಲಿ ಯಾರಾದ್ರೂ ತಗೋತಿದ್ರೆ, ಎದೆನೋವು, ಭಾರ ಎತ್ತೋವಾಗ ತಲೆ ತಿರುಗಿ ಬೀಳೋದು, ಮಲಗಿದ್ರೆ ಉಸಿರು ಕಟ್ಟೋದು, ಒಂದೇ ಕಾಲು ಊದ್ಕೊಳ್ಳೋದು, ಇವುಗಳಲ್ಲಿ ಒಂದಿದ್ರೂ ಅವತ್ತೇ ಆಸ್ಪತ್ರೆಗೆ ಹೋಗಿ, ಏನು ತಗೋತಿದೀರಿ ಅಂತ ಹೆಸರು ಸಮೇತ ಹೇಳಿ. ಗ್ಯಾಸ್ ಅಂತ ಕಾಯ್ಬೇಡಿ.

ಎಕೋ ಮಾಡೋರಿಗೆ ಇನ್ನೊಂದೇ ವಿಷಯ ಉಳೀತು. ಪೇಷೆಂಟ್ ಒಪ್ಪಿದ್ರೆ ರಿಪೋರ್ಟಲ್ಲಿ ಅಳತೆಗಳ ಪಕ್ಕ ಅವತ್ತು ಆನ್ ಇದ್ರಾ, ಕ್ರೂಸಲ್ಲಿದ್ರಾ, ಪೂರ್ತಿ ಆಫ್ ಇದ್ರಾ, ಕೊನೇ ಇಂಜೆಕ್ಷನ್ ಯಾವಾಗ ಅಂತ ಒಂದು ಸಾಲು ಬರೀರಿ. ನಾವು ಈಗ ಹಂಗೇ ಮಾಡ್ತೀವಿ. 49 ಮತ್ತು 58ರ ನಡುವಿನ ವ್ಯತ್ಯಾಸ ಆ ಒಂದು ಸಾಲಲ್ಲೇ ಇರೋದು, ಅದಿಲ್ಲದೆ ಆರು ತಿಂಗಳು ಬಿಟ್ಟು ಇನ್ನೊಬ್ಬರು ಮಾಡೋ ಎಕೋನ ಇದರ ಜೊತೆ ಹೋಲಿಸೋಕೆ ಬರಲ್ಲ.